ಭಾನುವಾರ ಕಾದಂಬರಿಕಾರರೊಬ್ಬರ ಜೊತೆ ಸಂವಾದ ಇದೆ, ಏನು ಕೇಳಿದರೆ ಮಾತು ಬೆಳೆಯುತ್ತದೆ?

ತುಂಗಾತೀರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಮೇಷ್ಟ್ರು. ನಮ್ಮಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರಿ ತಿಂಗಳಿಗೆ ಒಂದು ಪುಸ್ತಕ ಓದಿ ಮಾತಾಡುವ ಬಳಗ ಇದೆ. ಅಡಿಕೆ ತೋಟದವರು, ಬ್ಯಾಂಕಿನವರು, ಅಂಗನವಾಡಿ ಟೀಚರ್ ಒಬ್ಬರು, ರಿಟೈರ್ ಆದ ಕಂಡಕ್ಟರ್ ಒಬ್ಬರು, ಹೀಗೆ ಎಲ್ಲ ಥರದವರೂ ಬರುತ್ತಾರೆ. ಈ ಭಾನುವಾರ ಕಾದಂಬರಿಕಾರರೊಬ್ಬರನ್ನು ಕರೆಸುತ್ತಿದ್ದೇವೆ. ಒಂದೂವರೆ ಗಂಟೆ ಸಂವಾದ. ನಡೆಸಿಕೊಡುವ ಜವಾಬ್ದಾರಿ ನನ್ನದು.

ಹೋದ ವರ್ಷ ಹೀಗೇ ಇನ್ನೊಬ್ಬರನ್ನು ಕರೆಸಿದ್ದೆವು. ನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದಿದ್ದರು. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು, ಹಾರ, ಇಷ್ಟು ಮುಗಿಯುವಾಗ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಬಂದ ಪ್ರಶ್ನೆಗಳು ಇವು: ನಿಮಗೆ ಸ್ಫೂರ್ತಿ ಯಾರು? ಯಾವಾಗಿನಿಂದ ಬರೆಯುತ್ತಿದ್ದೀರಿ? ಇಂದಿನ ಯುವಜನರಿಗೆ ನಿಮ್ಮ ಸಂದೇಶವೇನು? ನಡುವೆ ಒಬ್ಬರು ಎದ್ದು ಕನ್ನಡ ಸಾಹಿತ್ಯದ ಇವತ್ತಿನ ಸ್ಥಿತಿ ಬಗ್ಗೆ ಹತ್ತು ನಿಮಿಷ ಮಾತಾಡಿದರು, ಪ್ರಶ್ನೆ ಮಾತ್ರ ಕೇಳಲೇ ಇಲ್ಲ. ಅತಿಥಿ ಎಲ್ಲದಕ್ಕೂ ಎರಡೆರಡು ವಾಕ್ಯದಲ್ಲಿ ಉತ್ತರ ಕೊಟ್ಟು, ಕಾಫಿ ಕುಡಿದು ಹೊರಟರು. ಅವರ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಅದರ ಕೊನೆಯ ಅಧ್ಯಾಯ ನನ್ನನ್ನು ವಾರಗಟ್ಟಲೆ ಕಾಡಿತ್ತು. ಅದರ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಈ ಸಲ ಹಾಗಾಗಬಾರದು. ಪುಸ್ತಕದ ಬಗ್ಗೆ ನಿಜವಾದ ಮಾತು ಆಗಬೇಕು. ಹೇಗೆ ತಯಾರಾಗಲಿ? ಪ್ರಶ್ನೆಗಳನ್ನು ಮೊದಲೇ ಕಳಿಸಬೇಕಾ? ಇನ್ನೊಂದು ವಿಷಯ, ಕಾದಂಬರಿಯ ನಡುವಿನ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಅದನ್ನು ಹೇಳಬಹುದಾ, ಕರೆಸಿದ ಅತಿಥಿಗೆ?

---

ಹಳೇ ಬಳಗ:

ಮೇಷ್ಟ್ರೇ, ನಾವು ಹುಬ್ಬಳ್ಳಿಯಲ್ಲಿ ಹದಿಮೂರು ವರ್ಷದಿಂದ ಇಂಥ ಬಳಗ ನಡೆಸುತ್ತಿದ್ದೇವೆ. ಮೊದಲು ಒಂದು ಘಟನೆ ಹೇಳುತ್ತೇನೆ, ನಿಮ್ಮ ಅರ್ಧ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ.

ನಮ್ಮಲ್ಲಿ ಒಬ್ಬ ಅಕ್ಕ ಬರುತ್ತಾರೆ, ಟೇಲರಿಂಗ್ ಮಾಡುವವರು. ಸಭೆಯಲ್ಲಿ ಮಾತಾಡಿದ್ದೇ ಕಡಿಮೆ. ಒಮ್ಮೆ ಬಂದಿದ್ದ ಕಾದಂಬರಿಕಾರರ ಪುಸ್ತಕದಲ್ಲಿ, ಅತ್ತೆ ತೀರಿಹೋದ ಮೇಲೆ ಸೊಸೆ ಆಕೆಯ ರವಿಕೆಗಳನ್ನು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಳ್ಳುವ ಒಂದು ಪುಟ ಇತ್ತು. ಈ ಅಕ್ಕ ಎದ್ದು ನಿಂತು ಕೇಳಿದರು: "ಅತ್ತೆ ಸಣಕಲಿ ಅಂತ ಮೊದಲೇ ಬರೆದಿದ್ದೀರಿ. ಸೊಸೆ ಮೈಕೈ ತುಂಬಿಕೊಂಡವಳು. ಹೊಲಿಗೆ ಬಿಚ್ಚಿದರೂ ಅಳತೆ ಸಾಲಬೇಕಲ್ಲ ಸರ್, ಒಳಗೆ ಅಷ್ಟು ಬಟ್ಟೆ ಯಾರು ಬಿಟ್ಟಿದ್ದರು?"

ಅವರು ಒಂದು ಕ್ಷಣ ಸುಮ್ಮನೆ ಕೂತರು. ನೀರು ಕುಡಿದರು. ಆಮೇಲೆ ಹೇಳಿದರು: ಅದಕ್ಕೆ ಒಂದು ಇಡೀ ಅಧ್ಯಾಯ ಬರೆದಿದ್ದೆ, ತೆಗೆದುಬಿಟ್ಟೆ. ಅತ್ತೆ ಮದುವೆಯಾಗಿ ಬಂದಾಗ ಮೈತುಂಬಿಕೊಂಡೇ ಇದ್ದಳು. ಆ ಮನೆಯಲ್ಲಿ ಸೊರಗಿದಳು. ವರ್ಷ ವರ್ಷ ರವಿಕೆಯನ್ನು ಒಳಗೆ ಹಿಡಿಸುತ್ತಾ ಬಂದಳು, ಒಂದು ಸಲವೂ ಬಟ್ಟೆ ಕತ್ತರಿಸಲಿಲ್ಲ. ಸೊಸೆ ಬಿಚ್ಚುವಾಗ ಸಿಗುವುದು ಆ ಹಳೆಯ ಅಳತೆ.

ಅಲ್ಲಿಂದ ಮುಂದೆ ಅರ್ಧ ಗಂಟೆ ಅವರೇ ಮಾತಾಡಿದರು. ಯಾಕೆ ತೆಗೆದರು, ತೆಗೆದದ್ದು ಸರಿಯಾ ಅಂತ ಈಗಲೂ ಅನುಮಾನ ಇದೆಯಾ, ಓದುವವರ ಪಾಲಿಗೆ ಎಷ್ಟು ಬಿಡಬೇಕು, ಎಲ್ಲಾ ಬಂತು. ಆ ಅಕ್ಕ ಮೂಲತಃ ಕೇಳಿದ್ದು ಬಟ್ಟೆಯ ಲೆಕ್ಕ.

ಅದರಿಂದ ನಾನು ಕಲಿತದ್ದು ಇಷ್ಟು: ದೊಡ್ಡ ಪ್ರಶ್ನೆ ಕೇಳಿದರೆ ಭಾಷಣ ಬರುತ್ತದೆ, ಒಂದು ಪುಟ ಹಿಡಿದು ಕೇಳಿದರೆ ಪುಸ್ತಕ ತೆರೆದುಕೊಳ್ಳುತ್ತದೆ. ಬರೆಯುವವರು ಒಂದು ಕಾದಂಬರಿ ಮುಗಿಸುವಷ್ಟರಲ್ಲಿ ಸಾವಿರ ಸಣ್ಣ ಸಣ್ಣ ತೀರ್ಮಾನ ಮಾಡಿರುತ್ತಾರೆ. ಈ ಪಾತ್ರಕ್ಕೆ ಈ ಹೆಸರು ಯಾಕೆ, ಕಥೆ ಇಲ್ಲಿಂದಲೇ ಯಾಕೆ ಶುರು, ಸಾವನ್ನು ನೇರವಾಗಿ ತೋರಿಸದೆ ಫೋನಿನಲ್ಲಿ ಯಾಕೆ ಕೇಳಿಸಿದರು. ಇವನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅವರ ಕಣ್ಣು ಅರಳುವುದನ್ನು ನೀವೇ ನೋಡುತ್ತೀರಿ.

ಕಾರ್ಯಕ್ರಮದ ಬಗ್ಗೆ: ಶಾಲು, ಹಾರ ಎಲ್ಲಾ ಕೊನೆಗೆ, ಐದೇ ನಿಮಿಷ. ಅತಿಥಿಯ ಪರಿಚಯ ಮೂರು ವಾಕ್ಯ ಸಾಕು, ಪ್ರಶಸ್ತಿಗಳ ಪಟ್ಟಿ ಓದಬೇಡಿ. ವೇದಿಕೆ ಬೇಡ. ಕುರ್ಚಿಗಳನ್ನು ಸುತ್ತ ಹಾಕಿ. ಶುರುವಿನಲ್ಲಿ ಅವರ ಕೈಯಲ್ಲೇ ಎರಡು ಪುಟ ಓದಿಸಿ, ಆ ಪುಟ ಯಾವುದು ಅಂತ ನೀವೇ ಆರಿಸಿ ಹೇಳಿ. ಅವರ ದನಿಯಲ್ಲಿ ಆ ಊರಿನ ಮಾತು ಕೇಳಿದ ಮೇಲೆ ಕೂತವರ ಪ್ರಶ್ನೆಗಳೇ ಬದಲಾಗುತ್ತವೆ, ಇದು ನಾನು ಪ್ರತಿ ಸಲ ಕಂಡದ್ದು. ಮತ್ತೆ ಮೈಕ್ ನಿಮ್ಮ ಕೈ ಬಿಡಬಾರದು. ನೀವೇ ಹಿಡಿದುಕೊಂಡು ಕೇಳುವವರ ಹತ್ತಿರ ಹೋಗಿ.

ನೀವು ಹೆಗ್ಗೋಡಿಗೆ ಹತ್ತಿರದವರು. ಅಲ್ಲಿನ ರಂಗಸಂಸ್ಥೆ ನೀನಾಸಮ್‌ನ ಅಕ್ಟೋಬರ್ ಶಿಬಿರಕ್ಕೆ ಹೋಗಿದ್ದರೆ ಗೊತ್ತಿರುತ್ತದೆ, ರಾತ್ರಿ ನಾಟಕ, ಮರುದಿನ ಬೆಳಿಗ್ಗೆ ಅದರ ಮೇಲೆ ಮಾತು. ನಡುವೆ ಒಂದು ರಾತ್ರಿ ಕಳೆಯುತ್ತದಲ್ಲ, ಆ ಹೊತ್ತಿಗೆ ಮೊದಲ ಹೊಗಳಿಕೆ ಇಳಿದು, ನಿಜವಾಗಿ ಏನು ಉಳಿಯಿತೋ ಅದು ಬಾಯಿಗೆ ಬರುತ್ತದೆ. ನಿಮ್ಮ ಬಳಗದವರಿಗೂ ಪುಸ್ತಕವನ್ನು ಕೊನೇ ಪಕ್ಷ ಮೂರು ದಿನ ಮೊದಲೇ ಮುಗಿಸಲು ಹೇಳಿ.

---

ಕಥೆ ಬರೆಯುವವಳು:

ಆಚೆ ಕಡೆಯಿಂದ ನಾನು ಹೇಳುತ್ತೇನೆ. ನನ್ನ ಎರಡು ಕಥಾ ಸಂಕಲನ ಬಂದಿವೆ. ಸಂವಾದಕ್ಕೆ ಅಂತ ಕರೆದಾಗ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ, "ಇದು ನಿಮ್ಮ ಜೀವನದಲ್ಲಿ ನಡೆದದ್ದಾ?" ಎರಡನೆಯದು, "ಮನೆಯವರು ಓದಿದ್ದಾರಾ, ಏನಂದರು?" ಪಕ್ಕದಲ್ಲೇ ಕೂತ ಗಂಡಸು ಲೇಖಕರಿಗೆ ಕಥೆಯ ತಂತ್ರದ ಬಗ್ಗೆ ಕೇಳುತ್ತಾರೆ, ನನಗೆ ಅಡುಗೆ ಮುಗಿಸಿ ಯಾವಾಗ ಬರೀತೀರಿ ಅಂತ ಕೇಳುತ್ತಾರೆ. ಇದು ನೋವಾಗುವ ವಿಷಯ. ಎರಡು ವರ್ಷ ಕೂತು ಕಟ್ಟಿದ ಕಥೆಯನ್ನು ಸುಮ್ನೆ ಡೈರಿಯಿಂದ ಇಳಿಸಿಕೊಂಡದ್ದು ಅಂದ ಹಾಗೆ ಆಗುತ್ತದೆ.

ಕನ್ನಡದಲ್ಲಿ ಈ ಒತ್ತಡ ಹೊಸದಲ್ಲ. ಕುಂದಾಪುರದ ಜಾನಕಿಯವರು ವೈದೇಹಿ ಆದದ್ದೇ ಇಂಥ ಸಂದರ್ಭದಲ್ಲಿ. 'ಸುಧಾ' ವಾರಪತ್ರಿಕೆಗೆ ಕಳಿಸಿದ್ದ ಬರಹದಲ್ಲಿ ನಿಜ ಜೀವನದ ಸಂಗತಿ ಇದೆ, ಪ್ರಕಟಿಸಬೇಡಿ ಅಂತ ಅವರು ಕೇಳಿಕೊಂಡಾಗ, ಸಂಪಾದಕರು ಬೇರೆ ಹೆಸರಿಟ್ಟು ಪ್ರಕಟಿಸಿದರು. ಆ ಹೆಸರೇ ಉಳಿಯಿತು. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ.

ದಲಿತ ಲೇಖಕರಿಗೆ ಆಗುವುದು ಇದೇ ಅನ್ಯಾಯ, ಇನ್ನೊಂದು ರೂಪದಲ್ಲಿ. ಬರೀ ನೋವಿನ ಬಗ್ಗೆ ಕೇಳುತ್ತಾರೆ, ಬರವಣಿಗೆ ಬಗ್ಗೆ ಕೇಳುವುದಿಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ತಗೊಳ್ಳಿ, 1984ರದ್ದು. ಅದರಲ್ಲಿ ರಾತ್ರಿ ದೀಪದ ಜೋತಮ್ಮಗಳು ಸೇರಿ ಊರಿನ ಸುದ್ದಿ ಮಾತಾಡುತ್ತವೆ. ನಂಜನಗೂಡು ಸೀಮೆಯ ಆಡುಮಾತು ಎಷ್ಟು ಲಯದಲ್ಲಿದೆ ಅಂದರೆ ವಿದ್ವಾಂಸ ಎಲ್. ಬಸವರಾಜು ಅವರು ಅದನ್ನೇ ಸಾಲು ಮುರಿದು ಕಾವ್ಯದ ಹಾಗೆ ಜೋಡಿಸಿ ತೋರಿಸಿದರು. ಅಂಥ ಪುಸ್ತಕ ಬರೆದವರ ಎದುರು ಕೂತು, ಕಥೆ ಹೇಳುವ ಕೆಲಸವನ್ನು ದೀಪಗಳಿಗೆ ಯಾಕೆ ಒಪ್ಪಿಸಿದಿರಿ ಅಂತ ಕೇಳದೆ ಹೋದರೆ ಎಂಥ ನಷ್ಟ, ಅಲ್ವಾ?

ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಪಿಯುಸಿ ಓದುವ ಹುಡುಗಿಯದು. "ಮೇಡಂ, ಈ ಕಥೆಯಲ್ಲಿ ಮಗಳು ಅಪ್ಪನನ್ನು ಒಂದು ಸಲವೂ ಅಪ್ಪ ಅಂತ ಕರೆಯಲ್ಲ, ಪೂರ್ತಿ ಅವರು, ಅವರು ಅಂತಲೇ ಇದೆ. ಆಸ್ಪತ್ರೆ ಸೀನಲ್ಲಿ ಮಾತ್ರ ಒಂದು ಕಡೆ 'ಅವನು' ಅಂತ ಬಂದಿದೆ. ಅದು ಪ್ರಿಂಟ್ ತಪ್ಪಾ?" ನನಗೆ ಉಸಿರು ಕಟ್ಟಿದ ಹಾಗಾಯಿತು. ಪ್ರಿಂಟ್ ತಪ್ಪಲ್ಲ. ನಾನು ಬರೆಯುವಾಗಲೇ ಬಂದದ್ದು, ಪ್ರೂಫ್ ನೋಡುವಾಗ ಗಮನಿಸಿ, ತಿದ್ದಲು ಪೆನ್ನು ಎತ್ತಿ, ಹಾಗೇ ಬಿಟ್ಟದ್ದು. ಆ ಒಂದು ಏಕವಚನಕ್ಕಾಗಿಯೇ ಇಡೀ ಕಥೆ ಇದೆ ಅಂತ ನನಗೆ ಅನ್ನಿಸಿದ್ದು ಅವಳು ಕೇಳಿದ ಮೇಲೆ.

ಆದ್ದರಿಂದ ಮೇಷ್ಟ್ರೇ, ಪುಸ್ತಕವನ್ನು ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಇದನ್ನು ನೋಡಿ: ಯಾರು ಯಾರನ್ನು ನೀನು ಅನ್ನುತ್ತಾರೆ, ಯಾರು ನೀವು ಅನ್ನುತ್ತಾರೆ, ಅದು ಎಲ್ಲಿ ಬದಲಾಗುತ್ತದೆ. ಕನ್ನಡದಲ್ಲಿ ಅರ್ಧ ಸಂಬಂಧ ಅಲ್ಲೇ ಇರುತ್ತದೆ. ಯಾರಿಗೆ ಹೆಸರೇ ಇಲ್ಲ. ಯಾವ ಪಾತ್ರ ನಡುವೆ ಕಾಣೆಯಾಗುತ್ತದೆ. ಹಬ್ಬ ಯಾವುದು ಬಂತು, ಯಾವುದು ಬರಲಿಲ್ಲ. ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ಇನ್ನೊಂದು ಕೋರಿಕೆ. ಉತ್ತರ ಮುಗಿಯಿತು ಅನ್ನಿಸಿದ ತಕ್ಷಣ ಮುಂದಿನ ಪ್ರಶ್ನೆಗೆ ಹೋಗಬೇಡಿ. ನಾಲ್ಕು ಸೆಕೆಂಡ್ ಸುಮ್ಮನಿರಿ. ನಮಗೆ ಸಿದ್ಧ ಉತ್ತರ ಇರುತ್ತವೆ, ಹತ್ತು ಕಡೆ ಹೇಳಿ ಹೇಳಿ ನುಣುಪಾದವು. ಅದು ಮುಗಿದ ಮೇಲೆ ಯಾರೂ ಮಾತಾಡದೆ ಕಾಯುತ್ತಿದ್ದರೆ, ಆಗ ನಿಜವಾದದ್ದು ಬರುತ್ತದೆ.

---

ಕಡಲಾಚೆ:

ನಾನು ನ್ಯೂಜೆರ್ಸಿಯಿಂದ. ನಮ್ಮ ಕನ್ನಡ ಓದುಗರ ಗುಂಪು ಜೂಮ್‌ನಲ್ಲಿ ಸೇರುತ್ತದೆ. ಮೇಲೆ ಸುಮ್ಮನಿರಿ ಅಂದರಲ್ಲ, ಜೂಮ್‌ನಲ್ಲಿ ಅದು ಕಷ್ಟ, ನೆಟ್ ಹೋಯಿತು ಅಂದುಕೊಂಡು ಯಾರಾದರೂ "ಹಲೋ ಕೇಳಿಸ್ತಿದೆಯಾ" ಅಂತಾರೆ. ಎದುರು ಕೂತು ಮಾತಾಡುವ ಭಾಗ್ಯ ನಿಮಗಿದೆ, ಪೂರ್ತಿ ಬಳಸಿಕೊಳ್ಳಿ.

ಒಂದು ಸಲಹೆ. ಬಿಬಿಸಿಯಲ್ಲಿ ವರ್ಲ್ಡ್ ಬುಕ್ ಕ್ಲಬ್ ಅಂತ ಕಾರ್ಯಕ್ರಮ 2002ರಿಂದ ಬರುತ್ತಿದೆ. ಲೇಖಕರು ಬಂದರೆ ಅವರ ಒಂದೇ ಒಂದು ಪುಸ್ತಕದ ಬಗ್ಗೆ ಮಾತು, ಪ್ರಶ್ನೆ ಕೇಳುವವರು ಓದುಗರು. ಆ ಒಂದೇ ಪುಸ್ತಕ ಅನ್ನುವ ಗೆರೆ ತುಂಬಾ ಕೆಲಸ ಮಾಡುತ್ತದೆ. ಹರಡಿಕೊಳ್ಳಲು ಜಾಗವೇ ಇರುವುದಿಲ್ಲ. ನಿಮ್ಮ ಸಂವಾದವನ್ನೂ ಹಾಗೆ ಮೊದಲೇ ಹೇಳಿಬಿಡಿ: ಇವತ್ತು ಈ ಕಾದಂಬರಿ ಮಾತ್ರ.

ಇನ್ನು ಮರುಪ್ರಶ್ನೆ. ಪ್ಯಾರಿಸ್ ರಿವ್ಯೂ ಪತ್ರಿಕೆಗೆ 1958ರಲ್ಲಿ ಜಾರ್ಜ್ ಪ್ಲಿಂಪ್ಟನ್ ಹೆಮಿಂಗ್ವೇ ಅವರನ್ನು ಸಂದರ್ಶನ ಮಾಡಿದ್ದರು. ಎಷ್ಟು ತಿದ್ದುತ್ತೀರಿ ಅಂತ ಕೇಳಿದಾಗ ಹೆಮಿಂಗ್ವೇ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಅಂದರು. ನಾವಾಗಿದ್ದರೆ ಅಬ್ಬಾ ಅಂದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಪ್ಲಿಂಪ್ಟನ್ ಅಲ್ಲೇ ನಿಂತು, ತೊಡಕು ಏನಿತ್ತು ಅಂತ ಕೇಳಿದರು. ಪದಗಳನ್ನು ಸರಿಯಾಗಿ ಕೂರಿಸುವುದು ಅನ್ನುವ ಪ್ರಸಿದ್ಧ ಉತ್ತರ ಬಂದದ್ದು ಆ ಪುಟ್ಟ ಮರುಪ್ರಶ್ನೆಗೆ. 2012ರಲ್ಲಿ ಬಂದ ಮುದ್ರಣದಲ್ಲಿ ಅವರು ಬರೆದು ಬಿಟ್ಟ 47 ಅಂತ್ಯಗಳನ್ನು ಸೇರಿಸಿದ್ದಾರೆ. ಆ ಮಾತು ಸುಮ್ನೆ ಹೇಳಿದ್ದಲ್ಲ.

ಆ ಪತ್ರಿಕೆಯವರ ಇನ್ನೊಂದು ಪದ್ಧತಿ ನನಗೆ ಇಷ್ಟ. ಸಂದರ್ಶನ ಬರೆದ ಮೇಲೆ ಲೇಖಕರಿಗೆ ತೋರಿಸಿ, ತಿದ್ದಲು ಬಿಡುತ್ತಾರೆ. ನೀವೂ ರೆಕಾರ್ಡ್ ಮಾಡಿ ಎಲ್ಲಾದರೂ ಹಾಕುವುದಿದ್ದರೆ ಹಾಗೆ ಮಾಡಿ. ಮುಂದೆ ತಿದ್ದಬಹುದು ಅಂತ ಗೊತ್ತಿದ್ದರೆ ಅವರೂ ಬಿಚ್ಚಿ ಮಾತಾಡುತ್ತಾರೆ.

ಅನುವಾದಿತ ಪುಸ್ತಕ ಆದರೆ ಪದಗಳ ಬಗ್ಗೆ ಕೇಳಲು ಮರೆಯಬೇಡಿ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಾಗ ನಮ್ಮ ಗುಂಪು ಅದನ್ನೇ ಓದಿತು. ಅದನ್ನು ಇಂಗ್ಲಿಷಿಗೆ ಅನುವಾದಿಸಿದ ದೀಪಾ ಭಾಸ್ತಿ ಅವರು ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಬೇಕಂತಲೇ ಹಾಗೆ ಮಾಡಿದ್ದು. ಅದೊಂದೇ ವಿಷಯ ನಮ್ಮಲ್ಲಿ ಎರಡು ಗಂಟೆ ಚರ್ಚೆಯಾಯಿತು.

---

ಪಾಠದ ಕೋಣೆ:

ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಎರಡು ವಿಷಯಕ್ಕೆ ಉತ್ತರ ಬಾಕಿ ಇದೆ ಅನ್ನಿಸಿತು.

ಹಿಡಿಸದ ಭಾಗವನ್ನು ಹೇಳಬಹುದಾ? ಹೇಳಲೇಬೇಕು ಅನ್ನುವವನು ನಾನು. ಇಪ್ಪತ್ತು ಜನ ಹೊಗಳಿದ ಮೇಲೆ ಲೇಖಕರಿಗೆ ಯಾರೂ ಓದಿಲ್ಲ ಅನ್ನಿಸಲು ಶುರುವಾಗುತ್ತದೆ. ಆದರೆ ಹೇಳುವ ರೀತಿ ಇದೆ. "ನಡುವಿನ ಭಾಗ ಬೋರ್ ಆಯಿತು" ಅಂದರೆ ಅವರೇನು ಹೇಳಬೇಕು? ಕ್ಷಮೆ ಕೇಳಬೇಕಾ? ಅದರ ಬದಲು ಓದುವಾಗ ನಿಮಗೆ ಏನಾಯಿತು ಅಂತ ಹೇಳಿ. "ನೂರಾ ಹತ್ತನೇ ಪುಟದ ತನಕ ನಾನು ತಂಗಿಯ ಜೊತೆಗೇ ಇದ್ದೆ. ಆಮೇಲೆ ಕಥೆ ಅವಳನ್ನು ಬಿಟ್ಟು ಊರಿನ ಪಂಚಾಯಿತಿಗೆ ಹೋಯಿತು. ನಾನು ಅವಳಿಗಾಗಿ ಕಾಯುತ್ತಾ ಓದಿದೆ. ನಾವು ಹಾಗೆ ಕಾಯಬೇಕು ಅಂತಲೇ ಬರೆದಿರಾ?" ಇದು ದೂರೂ ಹೌದು, ಪ್ರಶ್ನೆಯೂ ಹೌದು. ಪುಟ ಸಂಖ್ಯೆ ಹೇಳಿದರೆ ಓದಿದ್ದೀರಿ ಅನ್ನುವ ನಂಬಿಕೆ ಬರುತ್ತದೆ, ನಂಬಿಕೆ ಬಂದ ಮೇಲೆ ಯಾವ ಲೇಖಕರೂ ಕೋಪ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ಆದರೆ ಅದು ಮೊದಲ ಪ್ರಶ್ನೆ ಆಗುವುದು ಬೇಡ.

ಎರಡನೆಯದು, ಕೊನೆ. "ಆಮೇಲೆ ಅವರಿಗೆ ಏನಾಯಿತು?" ಅಂತ ಕೇಳಬೇಡಿ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಕೊನೆಯಲ್ಲಿ ಪ್ರಾಣೇಶಾಚಾರ್ಯರು ಗಾಡಿಯಲ್ಲಿ ಅಗ್ರಹಾರದ ಕಡೆ ಹೊರಟಿದ್ದಾರೆ, ಅಲ್ಲಿಗೆ ಮುಗಿಯಿತು. ಊರಿಗೆ ಹೋಗಿ ನಡೆದದ್ದನ್ನು ಹೇಳಿಕೊಂಡರಾ ಇಲ್ಲವಾ ಅನ್ನುವುದು ಅರವತ್ತು ವರ್ಷದಿಂದ ನಮ್ಮ ಕೈಯಲ್ಲಿದೆ. ಲೇಖಕರು ಒಂದು ಉತ್ತರ ಕೊಟ್ಟುಬಿಟ್ಟರೆ ನಷ್ಟ ನಮಗೇ. ಬದಲಿಗೆ ನಿಮ್ಮ ಊಹೆಯನ್ನು ಅವರ ಮುಂದಿಡಿ: ನನಗೆ ಹೀಗೆ ಅನ್ನಿಸಿತು, ಈ ಸಾಲಿನಿಂದಾಗಿ ಅನ್ನಿಸಿತು. ಆಗ ಅವರು ಒಪ್ಪುತ್ತಾರೆ, ಇಲ್ಲ ವಾದಕ್ಕೆ ಬರುತ್ತಾರೆ. ಎರಡೂ ಒಳ್ಳೆಯದು.

ತಯಾರಿ ವಿಷಯದಲ್ಲಿ ಒಂದು ಮಾತು. ಅವರು ಈಗಾಗಲೇ ಬರೆದು ಹೇಳಿದ್ದನ್ನು ಮತ್ತೆ ಕೇಳಬೇಡಿ. 'ಪರ್ವ'ಕ್ಕಾಗಿ ಎಲ್ಲೆಲ್ಲಿ ಓಡಾಡಿದೆ ಅಂತ ಭೈರಪ್ಪನವರೇ ಬರೆದಿದ್ದರು. 'ಸಂಸ್ಕಾರ' ಬರ್ಮಿಂಗ್‌ಹ್ಯಾಮ್‌ನಲ್ಲಿ ಬರ್ಗ್‌ಮನ್ ಸಿನಿಮಾ ನೋಡಿದ ಮೇಲೆ ಹುಟ್ಟಿತು ಅಂತ ಅನಂತಮೂರ್ತಿಯವರು ಹಲವು ಸಲ ಹೇಳಿದ್ದರು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಅಂದರೆ ಏನು ಅನ್ನುವುದಕ್ಕೆ ಉತ್ತರ ಪುಸ್ತಕದ ಒಳಗೇ ಇದೆ, ಗಾಳಿಪಟದ ದಾರ ಗೋಜಲಾದಾಗ ಹುಟ್ಟಿದ ಪದ. ಗೊತ್ತಿರುವುದನ್ನು ಮೆಟ್ಟಿಲು ಮಾಡಿಕೊಂಡು ಮುಂದೆ ಕೇಳಿ. ಒಂದು ಮನೆಯೊಳಗೆ ಮಾತ್ರ ಚಲಾವಣೆಯಲ್ಲಿದ್ದ ಪದ ಮದುವೆಯ ಮೂಲಕ ಇನ್ನೊಂದು ಮನೆಗೆ ಬರುವುದು ಅಷ್ಟು ಮುಖ್ಯ ಯಾಕಾಯಿತು ಅಂತ ಕೇಳಿದರೆ ಅದು ಬೇರೆಯೇ ಮಾತು.

ಪ್ರಶ್ನೆಗಳನ್ನು ಮೊದಲೇ ಕಳಿಸಬೇಡಿ. ಸಿದ್ಧ ಮಾಡಿಕೊಂಡು ಬರುತ್ತಾರೆ, ಭಾಷಣವಾಗುತ್ತದೆ.

---

ಕಥೆ ಬರೆಯುವವಳು:

ಸರ್, ಕಳಿಸಬೇಡಿ ಅನ್ನುವುದನ್ನು ನಾನು ಅಷ್ಟು ಒಪ್ಪುವುದಿಲ್ಲ. ಪ್ರಶ್ನೆ ಬೇಡ, ಆದರೆ ಯಾವ ಅಧ್ಯಾಯಗಳ ಬಗ್ಗೆ ಮಾತಾಡುತ್ತೇವೆ ಅಂತ ತಿಳಿಸಲಿ. ನಾನು ಐದು ವರ್ಷದ ಹಿಂದೆ ಬರೆದ ಪುಸ್ತಕವನ್ನು ಮತ್ತೆ ಓದಿರುವುದಿಲ್ಲ. ಓದುಗರಿಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಹೆಸರೇ ಮರೆತು ತಡವರಿಸುವುದು ಲೇಖಕರಿಗೆ ತುಂಬಾ ಮುಜುಗರ.

---

ಪಾಠದ ಕೋಣೆ:

ಅದು ಸರಿ. ಒಪ್ಪಿದೆ.

---

ತುಂಗಾತೀರದ ಮೇಷ್ಟ್ರು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಪೆನ್ಸಿಲ್ ಹಿಡಿದು ಮತ್ತೆ ಓದಲು ಕೂತೆ. ಹನ್ನೆರಡೂವರೆ ಆಯಿತು ಏಳುವಾಗ. ಕೆಲವು ಪ್ರಶ್ನೆ ಬರೆದಿದ್ದೇನೆ, ನೋಡಿ ಹೇಳಿ.

ಮೊದಲನೆಯದು: ಮಲೆನಾಡಿನ ಬದುಕು ಬದಲಾಗುತ್ತಿರುವುದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ಎರಡನೆಯದು: ನಾಯಕಿ ತನ್ನ ಅಣ್ಣನನ್ನು ಮೊದಲು ನೀನು ಅನ್ನುತ್ತಿದ್ದವಳು, ಆಸ್ತಿ ಪಾಲಾದ ಮೇಲೆ ನೀವು ಅನ್ನುತ್ತಾಳೆ. ಇದು ನಾನು ಈ ಸಲ ಗಮನಿಸಿದ್ದು, ಹಿಂದೆ ಎರಡು ಸಲ ಓದಿದಾಗ ಕಂಡಿರಲಿಲ್ಲ.

ಮೂರನೆಯದು ನಮ್ಮ ಕಂಡಕ್ಟರ್ ಅಣ್ಣನದು. ಕಾದಂಬರಿಯಲ್ಲಿ ಆಕೆ ಊರು ಬಿಡುವ ದಿನ ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಹದಿನೆಂಟು ರೂಪಾಯಿ ಬಾಕಿ ಬರೆದುಕೊಡುತ್ತಾನೆ. ಇಳಿಯುವಾಗ ಇಸಕೊಳ್ಳದೆ ಇಳಿದುಬಿಡುತ್ತಾಳೆ. ಮರೆತಳಾ, ಬಿಟ್ಟಳಾ ಅಂತ ಅವರ ಪ್ರಶ್ನೆ. ಆದರೆ ಇಷ್ಟು ದೊಡ್ಡವರ ಎದುರು ಚಿಲ್ಲರೆ ವಿಷಯ ಎತ್ತುವುದು ಚೆನ್ನಾಗಿರಲ್ಲ ಅಂತ ಅವರೇ ಹಿಂಜರಿಯುತ್ತಿದ್ದಾರೆ.

---

ಹಳೇ ಬಳಗ:

ಮೊದಲನೆಯದನ್ನು ತೆಗೆದುಹಾಕಿ. ಅಭಿಪ್ರಾಯ ಬೇಕಾದರೆ ಪತ್ರಿಕೆಯಲ್ಲಿ ಲೇಖನ ಬರೆಸಬಹುದು. ಎರಡನೆಯದರಿಂದ ಶುರು ಮಾಡಿ, ಆದರೆ ಆ ಎರಡೂ ಸಂಭಾಷಣೆಯನ್ನು ಜೋರಾಗಿ ಓದಿ, ಆಮೇಲೆ ಕೇಳಿ. ಓದದವರೂ ಕೂತಿರುತ್ತಾರೆ, ಅವರಿಗೂ ಅರ್ಥವಾಗಬೇಕು.

ಕಂಡಕ್ಟರ್ ಅಣ್ಣನ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ಅವರ ಪರವಾಗಿ ನೀವು ಕೇಳಲೂಬೇಡಿ. ಅವರೇ ಕೇಳಲಿ. ತಾನು ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ ಅನ್ನುವುದನ್ನೂ ಹೇಳಿಯೇ ಕೇಳಲಿ.

---

ಕಡಲಾಚೆ:

ಹದಿನೆಂಟು ರೂಪಾಯಿ! ನಾನು ಇಲ್ಲಿ ಕೂತು ಈ ಪುಸ್ತಕ ಯಾವುದು ಅಂತ ಯೋಚನೆ ಮಾಡುತ್ತಿದ್ದೇನೆ. ಏನಾಯಿತು ಅಂತ ಬಂದು ಹೇಳಲೇಬೇಕು.

---

ತುಂಗಾತೀರದ ಮೇಷ್ಟ್ರು:

ಬಂದೆ. ಸೋಮವಾರ ಸ್ಕೂಲ್ ಮುಗಿಸಿ ಬರೆಯುತ್ತಿದ್ದೇನೆ.

ಪರಿಚಯ ಮೂರೇ ವಾಕ್ಯ. ಕುರ್ಚಿ ಸುತ್ತ ಹಾಕಿದ್ದೆವು. ಅವರು ಎರಡು ಪುಟ ಓದಿದರು, ನಾನು ಆರಿಸಿದ್ದು ಪಾಲು ಪಂಚಾಯಿತಿಯ ಪುಟ. ನೀನು ನೀವು ಪ್ರಶ್ನೆಗೆ ಅವರು ತಕ್ಷಣ ಉತ್ತರ ಕೊಡಲಿಲ್ಲ. ಪುಸ್ತಕ ಇಸಕೊಂಡು ನಾನು ಗೆರೆ ಎಳೆದ ಜಾಗ ನೋಡಿದರು. ತಮ್ಮ ಅಜ್ಜಿ ಮತ್ತು ಅಜ್ಜಿಯ ತಮ್ಮ ಹೀಗೇ ಬಹುವಚನಕ್ಕೆ ತಿರುಗಿ ಇಪ್ಪತ್ತು ವರ್ಷ ಕಳೆದರು, ಮನೆಯಲ್ಲಿ ಎಲ್ಲರೂ ಅದನ್ನು ಮರ್ಯಾದೆ ಅಂದುಕೊಂಡಿದ್ದರು ಅಂದರು. ಜೀವನದ ವಿಷಯ ನಾನು ಕೇಳಿರಲಿಲ್ಲ, ತಾನಾಗಿಯೇ ಬಂತು.

ನಡುವಿನ ಭಾಗದ ಬಗ್ಗೆಯೂ ಹೇಳಿದೆ, ಪುಟ ಸಂಖ್ಯೆ ಸಮೇತ. ಸ್ವಲ್ಪ ಹೊತ್ತು ವಾದವಾಯಿತು. ಅವರು ನನ್ನ ಮಾತನ್ನು ಒಪ್ಪಲಿಲ್ಲ, ನಾನೂ ಪೂರ್ತಿ ಒಪ್ಪಲಿಲ್ಲ. ಅಂಗನವಾಡಿ ಟೀಚರ್ ಕಾದಂಬರಿಕಾರರ ಪರ ನಿಂತರು, ಬ್ಯಾಂಕಿನವರು ನನ್ನ ಪರ. ಚೆನ್ನಾಗಿತ್ತು.

ಆಮೇಲೆ ಕಂಡಕ್ಟರ್ ಅಣ್ಣ ಕೇಳಿದರು. ಎದ್ದು ನಿಂತು, ಕೈ ಕಟ್ಟಿಕೊಂಡು, ಹಳೇ ಬಳಗದವರು ಹೇಳಿದ ಹಾಗೆ ಮೊದಲು ತಮ್ಮ ಸರ್ವಿಸ್ ಹೇಳಿ. ಕಾದಂಬರಿಕಾರರು ಉತ್ತರ ಹೇಳಲಿಲ್ಲ. ಅವರೇ ತಿರುಗಿ ಕೇಳಿದರು: "ನೀವು ಹೇಳಿ, ಚಿಲ್ಲರೆ ಬಿಟ್ಟು ಇಳಿದವರಲ್ಲಿ ಮರೆತವರು ಯಾರು, ಬೇಕಂತ ಬಿಟ್ಟವರು ಯಾರು ಅಂತ ನಿಮಗೆ ಗೊತ್ತಾಗುತ್ತಿತ್ತಾ?"

ಅಣ್ಣ ಯೋಚನೆ ಮಾಡಿ ಹೇಳಿದರು: ಮರೆತವರು ಇಳಿದು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಸ್ಸನ್ನು ನೋಡುತ್ತಾರೆ, ಕೈ ಬೀಸುತ್ತಾರೆ, ಅಷ್ಟರಲ್ಲಿ ರೈಟ್ ಅಂದಾಗಿರುತ್ತದೆ. ಬೇಕಂತ ಬಿಟ್ಟವರು ಟಿಕೆಟನ್ನು ಕೈಯಲ್ಲೇ ಹಿಡಿದಿರುತ್ತಾರೆ, ಮಡಿಸಿರುತ್ತಾರೆ, ಹಿಂದೆ ತಿರುಗುವುದಿಲ್ಲ. ಒಬ್ಬ ಹೆಂಗಸು ಹಾಗೆ ಕೊಪ್ಪದಲ್ಲಿ ಇಳಿದದ್ದು ಅವರಿಗೆ ಇವತ್ತಿಗೂ ನೆನಪಿದೆಯಂತೆ. ಕರೆದರೂ ನಿಲ್ಲಲಿಲ್ಲವಂತೆ.

ಯಾರೂ ಮಾತಾಡಲಿಲ್ಲ. ಕಾದಂಬರಿಕಾರರು ಜೇಬಿನಿಂದ ಪೆನ್ನು ತೆಗೆದು, ನನ್ನ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲೇ ಏನೋ ಬರೆದುಕೊಂಡರು. ಆಮೇಲೆ ಇದು ನಿಮ್ಮ ಪುಸ್ತಕ ಅಲ್ವಾ ಅಂತ ನೆನಪಾಗಿ, ಆ ಹಾಳೆ ಹರಿದುಕೊಳ್ಳಬಹುದಾ ಅಂತ ಕೇಳಿದರು. ಹರಿದುಕೊಟ್ಟೆ.

ಒಂದೂವರೆ ಗಂಟೆ ಅಂದದ್ದು ಮೂರು ಗಂಟೆ ಆಯಿತು. ಶಾಲು ಹೊದಿಸಿದ್ದು ಬಸ್ ಸ್ಟ್ಯಾಂಡಿನಲ್ಲಿ.

---

ಕಡಲಾಚೆ:

ರೆಕಾರ್ಡ್ ಮಾಡಿದ್ದೀರಾ?

---

ತುಂಗಾತೀರದ ಮೇಷ್ಟ್ರು:

ಮಾಡಿದ್ದೇನೆ. ಬರೆದು ಮೊದಲು ಅವರಿಗೆ ಕಳಿಸುತ್ತೇನೆ, ಕಂಡಕ್ಟರ್ ಅಣ್ಣನಿಗೂ. ಇಬ್ಬರೂ ಸರಿ ಅಂದ ಮೇಲೆ ಇಲ್ಲಿ ಹಾಕುತ್ತೇನೆ.